ಬ್ಲೂಟೂತ್ ಜಿಪಿಎಸ್‌ನಿಂದ ಎಫ್‌ಟಿ8ಗೆ ಟೈಮ್: ನನ್ನ ಅನುಭವ

ಬ್ಲೂಟೂತ್‌ನಲ್ಲಿ ಬರೋ ಜಿಪಿಎಸ್ ಟೈಮ್ ನಂಬೋಕಾಗಲ್ಲ ಅಂತ ನಮ್ಮ ಹ್ಯಾಮ್ ರೇಡಿಯೋ ಗೆಳೆಯರೆಲ್ಲ ಹೇಳಿದ್ದರು. ಕಳೆದ ಮಳೆಗಾಲದಿಂದ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಅದನ್ನೇ ನಂಬಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ರೇಡಿಯೋದಲ್ಲಿ ಚಿಕ್ಕ ಸಂದೇಶ ಕಳಿಸೋ ವಿಧಾನ) ಮಾಡ್ತಿದ್ದೇನೆ. ಅಲ್ಲಿ ನೆಟ್ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಹಳೇ ಲ್ಯಾಪ್‌ಟಾಪ್‌ನ ಗಡಿಯಾರ ದಿನಕ್ಕೆ ಎರಡು ಸೆಕೆಂಡ್ ಹತ್ತಿರ ತಪ್ಪಿ ಓಡುತ್ತೆ. ಎಫ್‌ಟಿ8ನಲ್ಲಿ ಕಳಿಸೋದು, ಕೇಳೋದು 15 ಸೆಕೆಂಡಿನ ಸರದಿಯಲ್ಲಿ; ತಪ್ಪು ಹೀಗೆ ಬೆಳೆದರೆ ಡಿಕೋಡ್, ಅಂದ್ರೆ ಸಂದೇಶ ಬಿಡಿಸೋದು, ನಿಂತೇ ಹೋಗುತ್ತೆ.

ಮೊದಲು ಯುಎಸ್‌ಬಿ ಜಿಪಿಎಸ್ ತಂದೆ, ಸಾವಿರ ಚಿಲ್ಲರೆ ಕೊಟ್ಟು. 40 ಮೀಟರ್ ಬ್ಯಾಂಡ್‌ನಲ್ಲಿ ಟ್ರಾನ್ಸ್‌ಮಿಟ್ ಒತ್ತಿದ ತಕ್ಷಣ ಆರ್‌ಎಫ್ (ರೇಡಿಯೋ ಅಲೆ) ಆ ವೈರ್‌ಗೆ ನುಗ್ಗಿ ಪೋರ್ಟೇ ಹೋಗ್ತಿತ್ತು. ಅದನ್ನು ತಡೆಯೋ ಫೆರೈಟ್‌ಗೆ ಇನ್ನೊಂದು ನಾನೂರು ಸುರಿದೆ, ಅರ್ಧ ಗೆದ್ದೆ ಅಷ್ಟೇ. ವೈರೇ ಬೇಡ ಅನ್ನಿಸಿದ್ದು ಆಗ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೇ ಬ್ಲೂಟೂತ್ ರಿಸೀವರ್ ಸಿಕ್ತು. ಗಂಟೆ, ನಿಮಿಷ ಸರಿ. ತಾರೀಖು ಮಾತ್ರ 1024 ವಾರ ಹಿಂದೆ! 2019ರ ಏಪ್ರಿಲ್‌ನಲ್ಲಿ ಜಿಪಿಎಸ್ ವಾರದ ಎಣಿಕೆ ಸೊನ್ನೆಗೆ ಬಂತಲ್ಲ, ಅದರ ಫಲ. ಸಂಪರ್ಕಗಳ ಲಾಗ್ ಪೂರ್ತಿ ಹಾಳು.

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿಂದ ನಿಯೋ-6ಎಂ (ಜಿಪಿಎಸ್ ಮಾಡ್ಯೂಲ್), ಎಚ್‌ಸಿ-05 (ಬ್ಲೂಟೂತ್ ಮಾಡ್ಯೂಲ್) ತಂದು ನಾನೇ ಕಟ್ಟಿದೆ. ಎರಡೂ ಸೇರಿ ಏಳುನೂರು ರೂಪಾಯಿ ಆಗಿರಬಹುದು. ಪವರ್ ಬ್ಯಾಂಕ್ ಕೊಟ್ಟರೆ, ಇದು ಎಳೆಯೋ ಕರೆಂಟ್ ತೀರಾ ಕಮ್ಮಿ ಅಂತ ಅದು ತಾನೇ ಆಫ್ ಆಗುತ್ತೆ. 18650 ಲಿಥಿಯಂ ಸೆಲ್ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅಡಿಕೆ ಒಣಗಿಸೋ ಅಂಗಳದ ಚಪ್ಪರದ ಮೇಲೆ ಇಟ್ಟೆ. ಮರದ ಕೆಳಗೆ ಇಡಬೇಡಿ, ಮಳೆಯಲ್ಲಿ ನೆನೆದ ಸೋಗೆ ಸಿಗ್ನಲ್ ತಿನ್ನುತ್ತೆ.

ಅಸಲಿ ತೊಂದರೆ ಬ್ಲೂಟೂತ್ ಅಲ್ಲವೇ ಅಲ್ಲ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಹೋಗೋದು 960 ಅಕ್ಷರ. ಜಿಪಿಎಸ್ ಪ್ರತಿ ಸೆಕೆಂಡ್ ಕಳಿಸೋ ಎಲ್ಲ ಎನ್‌ಎಂಇಎ (ಮಾಹಿತಿಯ) ಸಾಲು ಸೇರಿದರೆ ಐನೂರರ ಹತ್ತಿರ, ಅಂದ್ರೆ ಅರ್ಧ ಸೆಕೆಂಡ್ ಅದಕ್ಕೇ ಹೋಯ್ತು. ಮೇಲಾಗಿ ಕಾಣೋ ಉಪಗ್ರಹ ಹೆಚ್ಚುಕಮ್ಮಿ ಆದಂತೆ ಅವುಗಳ ಪಟ್ಟಿ ಕೊಡೋ ಜಿಎಸ್‌ವಿ ಸಾಲುಗಳೂ ಹೆಚ್ಚುಕಮ್ಮಿ. ತಡ ಒಂದೇ ಸಮ ಇರಲ್ಲ, ಅದಕ್ಕೆ ಎಲ್ಲರೂ ಬ್ಲೂಟೂತ್‌ನ ಬೈತಾರೆ. ತಾರೀಖು, ಟೈಮ್ ಇರೋ ಆರ್‌ಎಂಸಿ ಸಾಲು ಒಂದನ್ನೇ ಉಳಿಸಿ ಬೇರೆಲ್ಲ ಬಂದ್ ಮಾಡಿದೆ. ತಡದ ಕುಣಿತ ಮೂವತ್ತು-ನಲವತ್ತು ಮಿಲಿಸೆಕೆಂಡಿಗೆ ಇಳಿಯಿತು. ಜಿಪಿಎಸ್ ಓದೋ ಸಾಫ್ಟ್‌ವೇರ್ ಜಿಪಿಎಸ್‌ಡಿಯನ್ನು ರೀಡ್-ಓನ್ಲಿಯಲ್ಲೇ ಓಡಿಸಿ, ಇಲ್ಲದಿದ್ರೆ ಅದು ಮಾಡ್ಯೂಲ್‌ನ ಸೆಟ್ಟಿಂಗ್ ತನಗೆ ಬೇಕಾದ ಹಾಗೆ ಬದಲಿಸುತ್ತೆ. ಅಗ್ಗದ ಮಾಡ್ಯೂಲ್ ಕರೆಂಟ್ ಹೋದಾಗ ಸೆಟ್ಟಿಂಗ್ ಮರೆಯುತ್ತೆ. ಅದಕ್ಕೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. 7.074 ಮೆಗಾಹರ್ಟ್ಸ್‌ನಲ್ಲಿ (40 ಮೀಟರ್‌ನ ಎಫ್‌ಟಿ8 ಜಾಗ) ಸಿಕ್ಕಾಗ ಪಕ್ಕಕ್ಕೆ ಕರೆಯಿರಿ, ಎಸ್‌ಎಸ್‌ಬಿಯಲ್ಲಿ, ಅಂದ್ರೆ ಮಾತಲ್ಲೇ, ಹೇಳ್ತೀನಿ.

ಉಳಿದ ತಡವನ್ನು ಶಿವಮೊಗ್ಗದ ಮನೆಯಲ್ಲಿ ಅಳೆದೆ. ಕಂಪ್ಯೂಟರ್ ಗಡಿಯಾರ ಸರಿಮಾಡೋ ಸಾಫ್ಟ್‌ವೇರ್ ಕ್ರೋನಿಯಲ್ಲಿ ಜಿಪಿಎಸ್‌ಗೆ ನೋಸೆಲೆಕ್ಟ್ (ಅಳೆ, ಆದರೆ ಬಳಸಬೇಡ) ಹಾಕಿ, ನೆಟ್‌ನ ಟೈಮ್ ಜೊತೆ ರಾತ್ರಿಯಿಡೀ ಬಿಟ್ಟೆ. 0.2 ಸೆಕೆಂಡ್ ಆಸುಪಾಸು ಬಂತು, ಅದನ್ನೇ ಆಫ್‌ಸೆಟ್ ಕೊಟ್ಟೆ. ನಿಮ್ಮದು ಬೇರೆ ಬರುತ್ತೆ, ನನ್ನ ಅಂಕಿ ಹಾಕ್ಕೋಬೇಡಿ.

ಪಿಪಿಎಸ್ (ಜಿಪಿಎಸ್ ಸೆಕೆಂಡಿಗೊಂದು ಕೊಡೋ ನಿಖರ ಮಿಡಿತ) ಕೂಡ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ವೈರಲ್ಲಿ ಕೊಟ್ಟು ನೋಡಿದೆ. ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ನಿಲ್ಲುತ್ತೆ, ನೋಡೋಕೇ ಖುಷಿ. ಎಫ್‌ಟಿ8ಗೆ ಅಷ್ಟು ಬೇಡ. ಈಗ ತೋಟದಲ್ಲಿ ಬಹುಪಾಲು ಸ್ಟೇಷನ್‌ಗಳ ಡಿಟಿ (ಟೈಮ್ ವ್ಯತ್ಯಾಸ, ಸೆಕೆಂಡಲ್ಲಿ) 0.1, 0.2 ಅಂತ ಕಾಣುತ್ತೆ. ಆಗಲ್ಲ ಅಂದಿದ್ದ ಇಬ್ಬರು ಇದೇ ಡಬ್ಬಿ ಮಾಡಿಕೊಡಿ ಅಂತ ಕೇಳಿದ್ದಾರೆ.