ಮೀನು ತೆಗೆದೆ, ನೀರು ತಿಳಿಯಾಯಿತು

ಕೊಳ ಖಾಲಿ ಮಾಡಿ ಹೂಳೆತ್ತದೆ ಹಸಿರು ನೀರು ಹೋಗಲ್ಲ ಅಂತ ಕಂಡವರೆಲ್ಲ ಹೇಳಿದ್ದರು. ನಮ್ಮ ಕೊಳ ಕಾಲು ಎಕರೆ ಇರಬಹುದು, ನಡುವೆ ಎದೆಮಟ್ಟದ ನೀರು. ಮೂರು ವರ್ಷ ಹಸಿರು ಪೇಂಟು ಕಲಸಿದ ಹಾಗೇ ಇತ್ತು. ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯುವ ಸೆಕ್ಕಿ ತಟ್ಟೆ ಇಳಿಬಿಟ್ಟರೆ ಒಂದು ಗೇಣಿಗೇ ಮಾಯ. ಈಗ ತಟ್ಟೆ ತಳ ಮುಟ್ಟಿದ ಮೇಲೂ ಅದರ ನಡುವಿನ ಬೋಲ್ಟು ಕಾಣುತ್ತದೆ, ತುಕ್ಕಿನ ಸಮೇತ. ಅಂದು ನಕ್ಕವರು ಈಗ ದಡದಲ್ಲಿ ಬಗ್ಗಿ ನೋಡಿ ಹೋಗುತ್ತಾರೆ.

ಮೊದಲು ಮಾಡಿದ ದಡ್ಡತನ ಮೈಲುತುತ್ತ. ಪಾಚಿ ಸತ್ತಿತು, ಖುಷಿಪಟ್ಟೆ. ನಾಲ್ಕೈದು ದಿನಕ್ಕೆ ಬೆಳಗಿನ ಜಾವ ಹೋಗಿ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಕೊಳೆತ ಪಾಚಿ ರಾತ್ರಿಯಿಡೀ ಆಮ್ಲಜನಕ ನುಂಗಿತ್ತು. ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ಡಿಒ ಮೀಟರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಆಸುಪಾಸು. ಇದಕ್ಕಿಂತ ದೊಡ್ಡ ಪೆಟ್ಟು ತಡವಾಗಿ ತಿಳಿಯಿತು: ಮೈಲುತುತ್ತದಲ್ಲಿರುವ ತಾಮ್ರ ಡಾಫ್ನಿಯಾಗಳನ್ನೂ, ಅಂದರೆ ಪಾಚಿ ಮೇಯುವ ಚಿಕ್ಕ ನೀರುಜೀವಿಗಳನ್ನೂ, ಮುಗಿಸಿತ್ತು. ಮೇಯುವವರೇ ಇಲ್ಲದ ಮೇಲೆ ಇನ್ನೇನು, ಮೂರು ವಾರಕ್ಕೆ ಮೊದಲಿಗಿಂತ ಗಾಢ ಹಸಿರು. ಆಮೇಲೆ ನೀರಿಗೆ ಗಾಳಿಯೂದುವ ಏರೇಟರ್. ಅದನ್ನು ತಳದಲ್ಲಿಟ್ಟು ಕೆಸರನ್ನು ನಾನೇ ಮೇಲಕ್ಕೆಬ್ಬಿಸಿದೆ. ಕೈಬಿಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು ಈ ಎರಡಕ್ಕೇ ಹೋಯಿತು. ಕೊನೆಗೆ ಫಲ ಕೊಟ್ಟ ಕೆಲಸಕ್ಕೆ ತಗುಲಿದ್ದು ಬಲೆ, ಬೊಂಬು, ಎರಡಾಳು ಕೂಲಿ.

ದಾರಿ ತೋರಿಸಿದ್ದು ಎರಡು ಗಾಜಿನ ಜಾಡಿ. ಎರಡಕ್ಕೂ ಅದೇ ಹಸಿರು ನೀರು. ಒಂದಕ್ಕೆ ಬೇರೆ ಹೊಂಡದಿಂದ ಸೋಸಿ ತಂದ ಒಂದು ಚಮಚ ಡಾಫ್ನಿಯಾ. ಐದನೇ ದಿನ ಆ ಜಾಡಿಯಾಚೆ ಇಟ್ಟ ಅಕ್ಷರ ಓದಬಹುದಿತ್ತು. ಹಾಗಾದರೆ ಕೊಳದಲ್ಲಿ ಅವು ಯಾಕೆ ಉಳಿಯುತ್ತಿಲ್ಲ? ಸಣ್ಣ ಮೀನುಗಳು ತಿಂದು ಮುಗಿಸುತ್ತಿದ್ದವು. ಮೇಲಿಂದ ಗೆಂಡೆಗಳು ಹಗಲೂ ರಾತ್ರಿ ತಳ ಕೆದಕಿ ಪಾಚಿಗೆ ಗೊಬ್ಬರವಾಗುವ ರಂಜಕವನ್ನು ನೀರಿಗೆ ಬಿಡುತ್ತಿದ್ದವು, ಗಿಡ ಬೇರೂರಲು ಬಿಡುತ್ತಿರಲಿಲ್ಲ.

ಅರ್ಧ ಮೀನು ತೆಗೆದಾಗ ಏನೂ ಆಗಲಿಲ್ಲ. ಇದನ್ನು ನೆನಪಿಡಿ, ಬಹಳ ಜನ ಸೋಲುವುದು ಇಲ್ಲೇ: ಮುಕ್ಕಾಲಿಗಿಂತ ಹೆಚ್ಚು ಹೋಗಬೇಕು, ಅದೂ ಒಂದೇ ಋತುವಿನಲ್ಲಿ. ಇಲ್ಲದಿದ್ದರೆ ಉಳಿದವು ಮರಿ ಹಾಕಿ ಲೆಕ್ಕ ಸರಿಮಾಡಿಬಿಡುತ್ತವೆ. ಗೆಂಡೆಗಳನ್ನು ಒಂದೇ ಮೂಲೆಗೆ ಸೇರಿಸಲು ನಾನು ಕಟ್ಟುತ್ತಿದ್ದ ಚೀಲದಲ್ಲಿ ಏನಿತ್ತು ಅಂತ ಕೇಳಬೇಡಿ, ಅದು ನನ್ನಲ್ಲೇ ಇರಲಿ. ಸುಮಾರು ಎರಡೂವರೆ ಕ್ವಿಂಟಲ್ ತೆಗೆದೆ. ನೀರು ಸ್ವಲ್ಪ ತಿಳಿಯಾದ ಕೂಡಲೇ ಬೊಂಬಿಗೆ ಬಲೆ ಕಟ್ಟಿ ನಾಲ್ಕು ಪಂಜರ ಮಾಡಿ ಒಳಗೆ ನೀರಡಿಯಲ್ಲೇ ಬೆಳೆಯುವ ವ್ಯಾಲಿಸ್ನೇರಿಯಾ, ಕೇರಾ ನೆಟ್ಟೆ. ಪಂಜರದಾಚೆ ನೆಟ್ಟದ್ದು ಒಂದೂ ಉಳಿಯಲಿಲ್ಲ. ಒಳಗಿನದು ಹಬ್ಬಿ ತಳ ಹಿಡಿದ ಮೇಲೆ ಕೆಸರು ಏಳುವುದೇ ನಿಂತಿತು. ಮೀನಿಲ್ಲದಿದ್ದರೆ ಸೊಳ್ಳೆ ತುಂಬುತ್ತದೆ ಎಂದು ಹೆದರಿಸಿದವರೂ ಇದ್ದರು; ಗಿಡದ ನಡುವೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿ ತಿನ್ನುವ ಕೆಲಸ ವಹಿಸಿಕೊಂಡವು.

ನಡುವೆ ಕಪ್ಪೆಚಿಪ್ಪಿನ ಹುಚ್ಚೂ ಹಿಡಿದಿತ್ತು. ಹತ್ತು ಚಿಪ್ಪು ಬಕೆಟ್ಟಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಸ್ವಚ್ಛ. ಅಳಿವೆಯ ಸಿಂಪಿಗಳು ಮಾಡುವುದೂ ಇದನ್ನೇ, ನೀರು ಸೋಸಿ ಪಾಚಿ ತಿನ್ನುವುದು. ಆದರೆ ಸಿಂಪಿಯ ಮರಿ ತನ್ನ ಪಾಡಿಗೆ ಈಜಿ ಕಲ್ಲು ಹಿಡಿಯುತ್ತದೆ. ಸಿಹಿನೀರಿನ ಕಪ್ಪೆಚಿಪ್ಪಿನ ಮರಿಗೆ ಕೆಲವು ವಾರ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿಕೊಂಡೇ ಬೆಳೆಯಬೇಕು. ಮೀನೆಲ್ಲ ತೆಗೆದು ಕೂತವನು ನಾನು! ಬಿಟ್ಟ ಚಿಪ್ಪುಗಳು ಇನ್ನೂ ಇವೆ, ಸಂತಾನ ಮಾತ್ರ ಇಲ್ಲ.

ಮೊನ್ನೆ ಹೆಬ್ಬೆರಳುದ್ದದ ಎರಡು ಗೆಂಡೆಮರಿ ಸಿಕ್ಕವು. ಯಾರಾದರೂ ತಂದುಬಿಟ್ಟರೋ, ನನ್ನ ಬಲೆಯೇ ತಪ್ಪಿಸಿತೋ. ಒಣಗಿಸಿ ಮಡಚಿಟ್ಟಿದ್ದ ಬಲೆಯನ್ನು ಮತ್ತೆ ಬಿಚ್ಚಿದ್ದೇನೆ.