ಪ್ರಳಯದ ನಂತರದ ಲೋಕಕ್ಕೆ ನಂಬುವಂಥ ನಾಯಿಯನ್ನು ಸೃಷ್ಟಿಸುವ ಬಗೆ

ಊರುಗಳು ಹಾಳುಬಿದ್ದು, ಕರೆಂಟು ಹೋಗಿ, ಎಲ್ಲೋ ಒಂದಿಷ್ಟು ಮಾಯೆ ಚಿಗುರಿರುವ ಲೋಕದ ಕಥೆ ಬರೆಯುವವರು, ಅಂಥ ಲೋಕದ ಆಟ ಕಟ್ಟುವವರು, ನಾಯಕನ ಪಕ್ಕಕ್ಕೊಂದು ನಾಯಿಯನ್ನು ನಿಲ್ಲಿಸುವುದುಂಟು. ನಿಲ್ಲಿಸಿ ಮರೆತುಬಿಡುತ್ತಾರೆ. ಪುಟಗಟ್ಟಲೆ ಅದು ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಶತ್ರು ಬಂದಾಗ ಮಾತ್ರ ಎದ್ದು ಬೊಗಳುತ್ತದೆ. ಓದುಗರಿಗೆ ಆ ನಾಯಿ ಜೀವಂತ ಅನ್ನಿಸಬೇಕಾದರೆ ಅದಕ್ಕೆ ಖರ್ಚಿರಬೇಕು: ಬುತ್ತಿಯಲ್ಲಿ ಪಾಲು, ನೀರಿನಲ್ಲಿ ಪಾಲು, ಒಡೆಯನ ಹೊತ್ತಿನಲ್ಲಿ ಪಾಲು. ಮೊದಲು ಈ ಲೆಕ್ಕ ಮಾಡಿ, ಮಾಯೆ ಆಮೇಲೆ.

ಯಾವ ನಾಯಿ, ಎಲ್ಲಿಂದ ಬಂತು

ಪ್ರಳಯವಾಗಿ ಎಷ್ಟು ವರ್ಷವಾಯಿತು ಎಂಬುದನ್ನು ಮೊದಲು ತೀರ್ಮಾನಿಸಿ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗಳು ಬಿಸಿಲಲ್ಲಿ ಉಸಿರಾಡಲು ಒದ್ದಾಡುತ್ತವೆ. ಬುಲ್‌ಡಾಗ್‌ಗೆ ಹೆರಿಗೆಯೂ ಹೆಚ್ಚಿನ ಸಲ ಶಸ್ತ್ರಚಿಕಿತ್ಸೆಯಿಂದಲೇ ಆಗಬೇಕು. ವೈದ್ಯರಿಲ್ಲದ ಲೋಕದಲ್ಲಿ ಇವು ಮೊದಲು ಅಳಿಯುತ್ತವೆ. ಮೂವತ್ತು ವರ್ಷ ಕಳೆದಿದ್ದರೆ ತಳಿಗಳು ಬೆರೆತು, ನಮ್ಮ ಹಳ್ಳಿಬೀದಿಯಲ್ಲಿ ಇಂದೂ ಕಾಣುವಂಥ ನಾಯಿಯೇ ಎಲ್ಲೆಡೆ ಉಳಿದಿರುತ್ತದೆ: 15ರಿಂದ 20 ಕೆಜಿ ತೂಕ, ಕಂದು ಮೈ, ನಿಮಿರಿದ ಕಿವಿ, ಮೇಲಕ್ಕೆ ಸುತ್ತಿದ ಬಾಲ. ಬಯಲುಸೀಮೆಯ ಕಥೆಗೆ ಮುಧೋಳ ನಾಯಿ ಒಪ್ಪುತ್ತದೆ, ಆದರೆ ಅದು ಕಣ್ಣಿನಿಂದ ಬೇಟೆಯಾಡುವ ಓಟಗಾರ. ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು. ಮಲೆನಾಡಿನ ಮಳೆ, ಮುಳ್ಳುಪೊದೆಗಳಿಗೆ ಅದನ್ನು ತಳ್ಳಿದರೆ ಗಾಯ, ನಡುಕ ಎರಡನ್ನೂ ಬರೆಯಬೇಕಾಗುತ್ತದೆ.

ಹಾಳೂರಿನ ನಾಯಿಗಳು ಹೇಗಿರುತ್ತವೆ ಎನ್ನುವುದಕ್ಕೆ ಚೆರ್ನೋಬಿಲ್ ನಿಜವಾದ ಮಾದರಿ. 1986ರ ಏಪ್ರಿಲ್‌ನಲ್ಲಿ ಅಣುಸ್ಥಾವರ ಸಿಡಿದ ಮೇಲೆ ಪಕ್ಕದ ಪ್ರಿಪ್ಯಾತ್ ಪಟ್ಟಣದ ಜನ ಸಾಕುಪ್ರಾಣಿಗಳನ್ನು ಬಿಟ್ಟು ಹೊರಡಬೇಕಾಯಿತು. ಎಷ್ಟೋ ನಾಯಿಗಳನ್ನು ಗುಂಡಿಟ್ಟು ಕೊಂದರು; ಆದರೂ ಅಲ್ಲಿ ನಾಯಿಗಳಿವೆ. ಸುಮಾರು 300 ನಾಯಿಗಳ ವಂಶವಾಹಿಗಳನ್ನು ನೋಡಿದ 2023ರ ಅಧ್ಯಯನದಲ್ಲಿ ಸ್ಥಾವರದ ನಾಯಿಗಳೂ, ಸುಮಾರು 15 ಕಿ.ಮೀ. ದೂರದ ಚೆರ್ನೋಬಿಲ್ ಪಟ್ಟಣದ ನಾಯಿಗಳೂ ಬೇರೆಬೇರೆ ಗುಂಪುಗಳಾಗಿ ಕಂಡವು. ಅದಕ್ಕೆ ವಿಕಿರಣವೇ ಕಾರಣ ಎಂದು ಅದು ಸಾಬೀತು ಮಾಡಲಿಲ್ಲ, ಹಾಗಾಗಿ ಎರಡು ತಲೆಯ ನಾಯಿಗೆ ಚೆರ್ನೋಬಿಲ್ಲಿನ ಸಾಕ್ಷಿ ಕೊಡಬೇಡಿ. ಕಥೆಗಾರರು ಎತ್ತಿಕೊಳ್ಳಬೇಕಾದ್ದು ಬೇರೆ: ಅಲ್ಲಿನ ನಾಯಿಗಳು ಕೆಲಸಗಾರರು ಹಾಕುವ ಅನ್ನದ ಸುತ್ತಮುತ್ತಲೇ ಇವೆ. ಮನುಷ್ಯರು ಎಲ್ಲಿ ಉಳಿದಿದ್ದಾರೋ ನಾಯಿ ಅಲ್ಲಿರುತ್ತದೆ.

ಒಂದು ತುಂಡು ಮಾಂಸ ಎಸೆದೊಡನೆ ಬೀಡಾಡಿ ನಾಯಿ ಜೊತೆಗಾರನಾಗುವ ದೃಶ್ಯವನ್ನು ಕೈಬಿಡಿ. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದೊಳಗೆ ಮನುಷ್ಯರ ಕೈ ತಾಗದ ಮರಿ ಬಹುಪಾಲು ಜೀವನವಿಡೀ ಅಂಜುತ್ತದೆ. ಅಂಥದ್ದು ದೂರದಿಂದ ಹಿಂಬಾಲಿಸೀತು, ಕೊರಳು ಮುಟ್ಟಗೊಡದು. ಒಮ್ಮೆ ಸಾಕಿದ್ದು ಒಡೆಯನನ್ನು ಕಳೆದುಕೊಂಡ ನಾಯಿಯಾದರೆ ಕೆಲವೇ ವಾರಗಳಲ್ಲಿ ಒಗ್ಗಬಹುದು.

ಬುತ್ತಿ ಮತ್ತು ನೀರು

20 ಕೆಜಿ ತೂಕದ ನಾಯಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 660 ಕಿಲೋಕ್ಯಾಲರಿ ಬೇಕು. ದಿನವಿಡೀ ನಡೆದರೆ ಅದರ ಎರಡರಷ್ಟು. ರಾಗಿಹಿಟ್ಟಿನ ಲೆಕ್ಕದಲ್ಲಿ ಸುಮಾರು 400 ಗ್ರಾಂ, ಅಂದರೆ ಜೊತೆಗೆ ನಡೆಯುವ ಮನುಷ್ಯನ ಊಟದ ಅರ್ಧ. ತೋಳಕ್ಕಿಂತ ನಾಯಿ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ, ಆದ್ದರಿಂದ ಮುದ್ದೆ, ಅನ್ನ, ಗಂಜಿ ನಡೆಯುತ್ತದೆ. ಆದರೆ ತಿಂಗಳುಗಟ್ಟಲೆ ಬರೀ ಮುದ್ದೆ ಹಾಕಿದರೆ ಪ್ರೋಟೀನ್ ಸಾಲದೆ ತೊಡೆಯ ಸ್ನಾಯು ಇಳಿಯುತ್ತದೆ, ಕೂದಲು ಉದುರುತ್ತದೆ. ಮೊಟ್ಟೆ, ಮೀನು, ಹೆಗ್ಗಣ, ಕರುಳು ಏನಾದರೂ ನಡುನಡುವೆ ಸಿಗಲಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ತೂತು ಮಾಡಬಹುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ನಮ್ಮ ಸಾರು ಕಲಸಿದ ಅನ್ನ ಹಾಗಾಗಿ ಬೇಡ.

ನೀರು ಕೆಜಿಗೆ 50ರಿಂದ 60 ಮಿ.ಲೀ., ಅಂದರೆ ಈ ನಾಯಿಗೆ ಒಂದು ಲೀಟರಿಗಿಂತ ತುಸು ಹೆಚ್ಚು. ಬಿಸಿಲಲ್ಲಿ ನಡೆದರೆ ಎರಡು ಲೀಟರು ದಾಟುತ್ತದೆ. ಬೆನ್ನಿಗೆ ಜೋಳಿಗೆ ಕಟ್ಟಿ ಹೊರಿಸಬಹುದಾದದ್ದು ತೂಕದ ಹತ್ತನೇ ಒಂದು ಪಾಲು, ಎರಡು ಕೆಜಿ. ಕೂಡಿಸಿ ನೋಡಿ: ನಾಯಿ ತನ್ನ ಒಂದು ದಿನದ ನೀರನ್ನಷ್ಟೇ ಹೊರಬಲ್ಲದು. ಐದು ದಿನದ ಬರಡು ದಾರಿಗೆ ಇಳಿಯುವ ಪಾತ್ರ ನಾಲ್ಕು ದಿನದ ನೀರನ್ನು ತಾನೇ ಹೊರಬೇಕು, ಇಲ್ಲವೇ ನಾಯಿಯನ್ನು ಬಿಡಬೇಕು. ಒಂದು ಅಧ್ಯಾಯಕ್ಕೆ ಬೇಕಾದ ಸಂಕಟ ಈ ಲೆಕ್ಕದಲ್ಲೇ ಇದೆ, ರಾಕ್ಷಸನನ್ನು ತರಬೇಕಿಲ್ಲ.

ನಾಯಿ ಮೈಯಿಂದ ಬೆವರುವುದಿಲ್ಲ, ತೇಕಿ ತಣಿಯುತ್ತದೆ. ಮಟಮಟ ಮಧ್ಯಾಹ್ನ ಡಾಂಬರಿನ ಮೇಲೆ ಓಡಿಸಿದರೆ ಅಂಗಾಲು ಸುಟ್ಟು ಸುಲಿಯುತ್ತದೆ. ನಸುಕಿನಲ್ಲಿ, ಇಳಿಹೊತ್ತಿನಲ್ಲಿ ನಡೆಸಿ. ರಾತ್ರಿ ಬೀಡುಬಿಟ್ಟಾಗ ಬೆರಳುಸಂದಿಯಲ್ಲಿ ಮುಳ್ಳು, ಕಿವಿಯೊಳಗೆ ಉಣ್ಣೆ ಇವೆಯೇ ಎಂದು ನಾಯಕ ನೋಡಲಿ. ಗಾಯವನ್ನು ಹಾಗೇ ಬಿಟ್ಟರೆ ನೊಣ ಕೂತು ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ.

ಹುಚ್ಚು

ರೇಬೀಸ್ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರಿಜ್ ನಿಂತ ಲೋಕದಲ್ಲಿ ಲಸಿಕೆಯೂ ಇಲ್ಲ. ಉಳಿಯುವುದು ಸೋಪು ಮತ್ತು ನೀರು: ಕಚ್ಚಿದ ಜಾಗವನ್ನು ಕೂಡಲೇ 15 ನಿಮಿಷ ಉಜ್ಜಿ ತೊಳೆಯುವುದು. ಬೂದಿನೀರು, ಎಣ್ಣೆ ಕಾಸಿ ಸೋಪು ಮಾಡಬಲ್ಲ ಮುದುಕಿಗೆ ಆ ಊರಲ್ಲಿ ಎಂಥ ಗೌರವವಿದ್ದೀತು, ಯೋಚಿಸಿ. ತೊಳೆದರೂ ಖಾತ್ರಿಯಿಲ್ಲ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಬೇಕು. ಅಷ್ಟು ದಿನ ಆರೋಗ್ಯವಾಗಿ ಉಳಿದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಸತ್ತರೆ, ಕಚ್ಚಿಸಿಕೊಂಡವನಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳ ಕಾಯುವಿಕೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಈ ಭಯವನ್ನು ಮಂತ್ರದಿಂದ ಒಂದೇ ಸಾಲಿನಲ್ಲಿ ಕಳೆದುಬಿಡಬೇಡಿ.

ಮಾಯೆ ಎಷ್ಟು

ಒಂದೇ ಶಕ್ತಿ ಕೊಡಿ, ಅದು ನಾಯಿಗೆ ಮೊದಲೇ ಇರುವ ಗುಣದಿಂದ ಹುಟ್ಟಿರಲಿ. ಶಾಪ ತಗುಲಿದ ನೆಲವನ್ನು ಮೂಸಿ ಹೇಳುವ ನಾಯಿಗೆ ಗಾಳಿಯ ನಿಯಮವೂ ಅನ್ವಯಿಸಲಿ: ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ ಮುಂದಿರುವುದರ ವಾಸನೆ ಸಿಗದು, ಒಣಗಿ ಕಾದ ನೆಲದಲ್ಲಿ ಜಾಡು ಬೇಗ ಅಳಿಯುತ್ತದೆ, ತೇವದ ಮುಂಜಾವಿನಲ್ಲಿ ನಿಲ್ಲುತ್ತದೆ. ಮಾತಾಡುವ ನಾಯಿ ಬೇಡವೆಂದೇ ನಮ್ಮ ಸಲಹೆ. ಮಾತು ಬಂದೊಡನೆ ಅದು ಇನ್ನೊಬ್ಬ ಮನುಷ್ಯನಾಗಿ, ನಾಯಿ ಕಳೆದುಹೋಗುತ್ತದೆ. ಮೈಯೇ ಹೇಳಲಿ. ತೇಕುತ್ತಿದ್ದ ನಾಯಿ ತಟ್ಟನೆ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ತಿರುಗುತ್ತದೆ, ಮುಂಗಾಲೊಂದು ನೆಲ ಬಿಟ್ಟು ನಿಲ್ಲುತ್ತದೆ, ಹೆಗಲ ಕೂದಲು ಏಳುತ್ತದೆ. ಬೊಗಳು ಇವೆಲ್ಲ ಆದಮೇಲೆ. ಈ ಕ್ರಮವನ್ನು ಆಟದಲ್ಲಿ ಮೂರು ಹಂತದ ಎಚ್ಚರಿಕೆಯಾಗಿ ಬಳಸಬಹುದು.

ಲೋಕದ ಜನ ನಾಯಿಯನ್ನು ಹೇಗೆ ನೋಡುತ್ತಾರೆ ಎನ್ನುವುದಕ್ಕೆ ಹೊರಗೆ ಹುಡುಕಬೇಕಿಲ್ಲ. ಭೈರವನ ವಾಹನ ನಾಯಿ. ಮೈಲಾರಲಿಂಗನ ಭಕ್ತರಾದ ಒಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಮಾಡುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 949–50ರ ಶಾಸನವಂತೂ ಕಥೆಗಾರರು ಓದಲೇಬೇಕಾದದ್ದು. ಗಂಗ ದೊರೆ ಬೂತುಗನ ಸೇವಕ ಮಣಲೆರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದು ಬರೆಸಿದರು. ನಿಮ್ಮ ಲೋಕದಲ್ಲಿ ನಾಯಿ ಸತ್ತರೆ ಊರು ಏನು ಬಿಟ್ಟುಕೊಡುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಕಥೆ ಇಪ್ಪತ್ತು ವರ್ಷ ನಡೆಯುವುದಾದರೆ ಒಂದೇ ನಾಯಿ ಸಾಲದು. ಗರ್ಭ ಸುಮಾರು 63 ದಿನ. ಮರಿ ಕಣ್ಣು ಬಿಡುವುದು ಎರಡು ವಾರಕ್ಕೆ. ಭಾರ ಹೊರಿಸುವುದು, ದೂರ ನಡೆಸುವುದು ಒಂದು ವರ್ಷ ತುಂಬಿದ ಮೇಲೆ, ಮೊದಲೇ ಮಾಡಿದರೆ ಕೀಲು ಹಾಳಾಗುತ್ತದೆ. ಎರಡನೇ ನಾಯಿ ಐದನೇ ಅಧ್ಯಾಯದಲ್ಲಿ ಕೆಲಸಕ್ಕೆ ಬರಬೇಕಿದ್ದರೆ ಅದರ ತಾಯಿಯನ್ನು ಎರಡನೇ ಅಧ್ಯಾಯದಲ್ಲೇ ತನ್ನಿ.