ಗಬ್ಬದ ಕುರಿಗೆ ಕೊನೇ ಒಂದೂವರೆ ತಿಂಗಳು ಕೈತಿಂಡಿ: ನನ್ನ ಅನುಭವ

ಮೂರು ವರ್ಷದ ಹಿಂದ ನಮ್ಮ ಕೆಂಗುರಿ ಮರಿ ಹುಟ್ಟಿದ ಕೂಡ್ಲೆ ತೂಗಿದ್ರ 2 ಕೆಜಿ ದಾಟ್ತಿದ್ದಿಲ್ಲ, 22 ಮರಿಯೊಳಗ ಆರೇಳು ಮೊದಲ ವಾರದಾಗ ಸತ್ವು. ನಾವು ಕುಷ್ಟಗಿ ಕಡೆಯವ್ರು, ಒಣ ಭೂಮಿ, ಮೇವು ಎಷ್ಟಿರ್ತೈತಿ ನಿಮಗ ಗೊತ್ತ ಐತಿ. ಗಬ್ಬದ ಕುರಿಗೆ ಕಾಳು ಹಾಕ್ತೀನಿ ಅಂದ್ರ ನಮ್ಮ ಕಾಕಾ, "ಮರಿ ದೊಡ್ಡದಾಗಿ ಸಿಕ್ಕೊಂತೈತಿ, ಸುಮ್ನ ರೊಕ್ಕ ಹಾಳು ಮಾಡಬ್ಯಾಡ" ಅಂದ್ರು.

ಮೊದಲ ವರ್ಷ ರೊಕ್ಕ ಹಾಳಾತು ಖರೆ. ಟಗರು ಹಾರಿದ ತಿಂಗಳಿಂದ್ಲೇ ಮೆಕ್ಕಿಜೋಳ ಸುರುವಿದೆ, ಹದಿನೈದು ಸಾವಿರದ ತನಕ ಹೋತು, ಕುರಿ ಕೊಬ್ಬಿದ್ವು, ಮರಿ ಅಷ್ಟಕ್ಕಷ್ಟ. ಒಂದು ಕುರಿ ಒಮ್ಮೆಲೆ ಭಾಳ ತಿಂದು ಹೊಟ್ಟಿ ಉಬ್ಬಿ ಸತ್ತೂ ಹೋತು. ಆಮ್ಯಾಲೆ ತಿಳೀತು, ಮರಿ ತೂಕದ ಮುಕ್ಕಾಲು ಪಾಲು ಬರೋದು ಕೊನೇ ಆರು ವಾರದಾಗ ಅಂತ.

ಗಬ್ಬದ ಐದು ತಿಂಗಳ ಲೆಕ್ಕ ಎಲ್ಲಾರ್ಗೂ ಗೊತ್ತು, ಆದ್ರ ಯಾವ ಕುರಿ ಯಾವತ್ತು ಗಬ್ಬಾತು ಅನ್ನೋದ ತಲೆನೋವು. ಟಗರು ಹಾರಿದ ಕುರಿ ಮ್ಯಾಲೆ ಗುರ್ತು ಬೀಳ್ಲಿ ಅಂತ ಟಗರಿನ ಎದಿಗೆ ಕೆಮ್ಮಣ್ಣು ಎಣ್ಣಿ ಕಲಸಿ ಹಚ್ಚಿದೆ, ಕೆಂಪು ಕುರಿ ಮ್ಯಾಲೆ ಕೆಮ್ಮಣ್ಣು ಎಲ್ಲಿ ಕಾಣಬೇಕು, ಎಂಥಾ ಹುಚ್ಚ ನಾನು! ಬಟ್ಟಿಗೆ ಹಾಕೋ ನೀಲಿಪುಡಿ ಹಚ್ಚಿದ ಮ್ಯಾಲೆ ಕುರಿ ಬೆನ್ನಿನ ಹಿಂದ ಚೊಕ್ಕ ಮೂಡ್ತು, ತಾರೀಖು ಬರಕೊಂಡೆ.

ಈಗ ಕೊನೇ 45 ದಿನ ಅಷ್ಟ, ದಿನಕ್ಕ 50 ಗ್ರಾಂನಿಂದ ಏರಿಸ್ಕೋಂತ 250 ಗ್ರಾಂ: ಒಡೆದ ಮೆಕ್ಕಿಜೋಳ, ಶೇಂಗಾ ಹಿಂಡಿ, ತೊಗರಿ ಹೊಟ್ಟು, ಖನಿಜದ ಪುಡಿ. ಕುರಿಗೆ ಮುನ್ನೂರು ಮುನ್ನೂರೈವತ್ತು ಖರ್ಚು. ಹೋದ ಸಲ 24 ಮರಿ, ಬಹಳಷ್ಟು 2.8ರಿಂದ 3 ಕೆಜಿ, ಸತ್ತದ್ದು ಎರಡ. ಉಳಿದ ಮರಿ ಮೂರು ತಿಂಗಳಿಗೆ ಆರು ಸಾವಿರದಂಗ ಸಂತ್ಯಾಗ ಹೋದವು, ಲೆಕ್ಕ ನೀವ ಹಾಕಿರಿ.

ಕಾಕಾನ ಮಾತು ಒಂದು ಕಡೆ ಖರೆ ಆತು. ಒಂದು ಚೊಚ್ಚಲ ಕುರಿಗೆ ಪ್ರೀತಿಗೆ ಜಾಸ್ತಿ ಹಾಕಿದ್ದೆ, ಮರಿ 4 ಕೆಜಿ ಹತ್ರ, ತಲಿ ಸಿಕ್ಕೊಂಡು ಡಾಕ್ಟರ್ ಬರೋದ್ರಾಗ ಎರಡೂ ಹೋದವು. ಚೊಚ್ಚಲದ್ದಕ್ಕ ಈಗ 150 ಗ್ರಾಂ ದಾಟ್ಸಂಗಿಲ್ಲ.

ಇನ್ನೊಂದು, ಏಪ್ರಿಲ್‌ನ್ಯಾಗ ಈದ ನಾಕು ಕುರಿಗೂ ಅಷ್ಟ ತಿಂಡಿ ಹಾಕಿದ್ದೆ, ಮರಿ 2.25 ಮ್ಯಾಲೆ ಬರಲಿಲ್ಲ. ಬಿಸಿಲಿಗೆ ಮಾಸಕ್ಕ (ಹೊಟ್ಯಾಗಿನ ಮರಿಗೆ ಆಹಾರ ಮುಟ್ಟಿಸೋ ಚೀಲ) ರಕ್ತ ಹರಿಯೋದ ಕಡಿಮಿ ಆಗ್ತೈತಂತ. ಅದಕ್ಕ ಟಗರು ಕುರಿ ಹಾರದಂಗ ನವೆಂಬರ್‌ನಿಂದ ಅದರ ಹೊಟ್ಟಿಗೆ ಗೋಣಿತಟ್ಟು ಕಟ್ತೀನಿ, ಜೂನ್ ಮಳಿ ಬಿದ್ದ ಮ್ಯಾಲೇ ಬಿಚ್ಚೋದು.